ಮೆಗಾಬಿಟ್‌ನಿಂದ ಮೆಗಾಬೈಟ್‌ಗೆ: ಮೂರು ಏಕಮಾನ ಪರಿವರ್ತಕಗಳ ವಿಮರ್ಶೆ

ಮನೆಗೆ ಫೈಬರ್ ಸಂಪರ್ಕ ಕೊಡುವವರು ವೇಗವನ್ನು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು ಹೇಳುತ್ತಾರೆ. ಕಡತ ಇಳಿಸಿಕೊಳ್ಳುವ ತಂತ್ರಾಂಶ ಅದೇ ವೇಗವನ್ನು ಮೆಗಾಬೈಟ್‌ನಲ್ಲಿ ತೋರಿಸುತ್ತದೆ. ತಿಂಗಳ ಬಳಕೆಯ ಮಿತಿ ಗಿಗಾಬೈಟ್‌ನಲ್ಲಿರುತ್ತದೆ. ಜಾಲದ ಸ್ವಿಚ್ಚು, ರೌಟರುಗಳು ತಮ್ಮೊಳಗೆ ಆಕ್ಟೆಟ್‌ಗಳನ್ನು, ಎಂದರೆ ಎಂಟು ಬಿಟ್‌ಗಳ ಗುಂಪುಗಳನ್ನು, ಎಣಿಸುತ್ತವೆ. ಹಳೆಯ ದೂರವಾಣಿ ಜಾಲದ ಬಳುವಳಿಯಾಗಿ ಬಂದ ಲೀಸ್ಡ್ ಲೈನುಗಳು, ಎಂದರೆ ಬಾಡಿಗೆಗೆ ಪಡೆದ ಮೀಸಲು ಸಂಪರ್ಕಗಳು, ಇ-1, ಎಸ್‌ಟಿಎಂ-1 ಎಂಬ ದರಗಳ ಹೆಸರುಗಳನ್ನು ಇನ್ನೂ ಬಿಟ್ಟಿಲ್ಲ. ಇವೆಲ್ಲವುಗಳ ನಡುವೆ ದಿನವಿಡೀ ಓಡಾಡಬೇಕಾದವರಿಗೆ ಏಕಮಾನ ಪರಿವರ್ತಕ ಎಂಬುದು ಕ್ಯಾಲ್ಕುಲೇಟರಿನಷ್ಟೇ ನಿತ್ಯದ ಸಾಮಾನು. ಜಾಲ ನಿರ್ವಹಣೆಯ ಕೆಲಸದಲ್ಲಿ ನಾನು ಬಹುಕಾಲದಿಂದ ಬಳಸುತ್ತಿರುವ ಅಂತಹ ಮೂರು ಸಾಧನಗಳನ್ನು ಇಲ್ಲಿ ತೂಗಿ ನೋಡಿದ್ದೇನೆ: ಗೂಗಲ್ ಹುಡುಕಾಟದ ಪುಟದಲ್ಲೇ ತೆರೆದುಕೊಳ್ಳುವ ಪರಿವರ್ತಕ, ವಿಂಡೋಸ್‌ನ ಕ್ಯಾಲ್ಕುಲೇಟರಿನೊಳಗಿರುವ ಡೇಟಾ ಪರಿವರ್ತಕ ಮತ್ತು ಗ್ನೂ ಯೂನಿಟ್ಸ್ ಎಂಬ, ಆಜ್ಞೆಗಳನ್ನು ಬರೆದು ಕೊಡುವ ಟರ್ಮಿನಲ್‌ನಲ್ಲಿ ನಡೆಯುವ ಹಳೆಯ ತಂತ್ರಾಂಶ. ಮೂರಕ್ಕೂ ಪ್ರತ್ಯೇಕವಾಗಿ ಹಣ ಕೊಡಬೇಕಿಲ್ಲ. ಉದ್ದ, ತೂಕ, ಉಷ್ಣತೆಗಳ ಪರಿವರ್ತನೆಯಲ್ಲಿ ಇವು ಹೇಗಿವೆ ಎಂಬುದು ಈ ವಿಮರ್ಶೆಯ ವಿಷಯವಲ್ಲ. ದೂರಸಂಪರ್ಕ ಜಾಲಗಳ ದತ್ತಾಂಶ ವರ್ಗಾವಣೆಯ ದರಕ್ಕೆ ಇವು ಎಷ್ಟು ಒದಗುತ್ತವೆ ಎಂಬುದನ್ನಷ್ಟೇ ನೋಡಿದ್ದೇನೆ.

ಎಂಟರಿಂದ ಗುಣಿಸುವುದಕ್ಕೋ ಭಾಗಿಸುವುದಕ್ಕೋ ತಂತ್ರಾಂಶವೇ ಬೇಕಿಲ್ಲ. ಒಂದು ಬೈಟ್‌ಗೆ ಎಂಟು ಬಿಟ್, ಆದ್ದರಿಂದ ಸೆಕೆಂಡಿಗೆ 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್, ಇಷ್ಟನ್ನು ಹೈಸ್ಕೂಲು ಹುಡುಗರು ಬಾಯಲ್ಲೇ ಹೇಳುತ್ತಾರೆ. ಪರಿವರ್ತಕದ ಯೋಗ್ಯತೆ ತಿಳಿಯುವುದು ಬೇರೆ ಎರಡು ಕಡೆಗಳಲ್ಲಿ. ಮೊದಲನೆಯದು, ಅದು ಮೆಗಾ ಎಂಬ ಪೂರ್ವಪದವನ್ನು ಹತ್ತು ಲಕ್ಷವೆಂದು ಹಿಡಿಯುತ್ತದೆಯೋ ಅಥವಾ 10,48,576 ಎಂದು ಹಿಡಿಯುತ್ತದೆಯೋ ಮತ್ತು ಹಾಗೆ ಹಿಡಿದದ್ದನ್ನು ನಮಗೆ ತಿಳಿಸುತ್ತದೆಯೋ ಎಂಬುದು. ಎರಡನೆಯದು, ಅದು ಸೆಕೆಂಡನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆಯೋ ಎಂಬುದು. ಏಕೆಂದರೆ ದರ ಬೇರೆ, ಪ್ರಮಾಣ ಬೇರೆ, ಮತ್ತು ಜನ ತಪ್ಪುವುದು ಬಹುಪಾಲು ಇವೆರಡನ್ನು ಬೆರೆಸಿದಾಗಲೇ.

ಮೊದಲನೆಯ ತೊಡಕಿಗೆ ಒಂದು ಇತಿಹಾಸವಿದೆ. ದೂರಸಂಪರ್ಕದ ದರಗಳು ಗಡಿಯಾರದ ಆವರ್ತನದಿಂದ ಹುಟ್ಟಿದವು. ದೂರವಾಣಿಯ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಗೆ 8 ಬಿಟ್ ಕೊಟ್ಟರೆ 64 ಕಿಲೋಬಿಟ್ ಆಗುತ್ತದೆ. ಇಲ್ಲಿ ಕಿಲೋ ಎಂದರೆ ಸಾವಿರವೇ, ಎಂದೂ 1024 ಆಗಿರಲಿಲ್ಲ. ಕಂಪ್ಯೂಟರಿನ ಸ್ಮೃತಿಯವರಿಗೆ ಎರಡರ ಘಾತಗಳೇ ಅನುಕೂಲವಾದ್ದರಿಂದ ಅವರು 1024ಕ್ಕೂ ಕಿಲೋ ಎಂದೇ ಕರೆದು ರೂಢಿ ಮಾಡಿದರು. ಈ ಗೊಂದಲ ತೀರಿಸಲು ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು 1998ರಲ್ಲಿ ಎರಡರ ಘಾತಗಳಿಗೆ ಕಿಬಿ, ಮೆಬಿ, ಗಿಬಿ, ಟೆಬಿ ಎಂಬ ಬೇರೆ ಪೂರ್ವಪದಗಳನ್ನು ಒಪ್ಪಿತು. ಕಿಲೋ ಮತ್ತು ಕಿಬಿಗಳ ನಡುವಿನ ಅಂತರ ಶೇಕಡಾ 2.4 ಮಾತ್ರ, ಮೆಗಾ ಮಟ್ಟದಲ್ಲಿ ಅದು ಶೇಕಡಾ 4.86, ಗಿಗಾದಲ್ಲಿ 7.37, ಟೆರಾದಲ್ಲಿ ಹತ್ತಿರ ಹತ್ತಿರ 10. ಮೋಡೆಮ್ ಕಾಲದಲ್ಲಿ ಯಾರೂ ಲಕ್ಷಿಸದ ವ್ಯತ್ಯಾಸ ಇಂದು ಗುತ್ತಿಗೆಯ ಕಾಗದದಲ್ಲಿ ಜಗಳಕ್ಕೆ ಕಾರಣವಾಗುವಷ್ಟು ದೊಡ್ಡದಾಗಿದೆ. ಇಂಗ್ಲಿಷ್ ಬರಹದಲ್ಲಿ ಸಣ್ಣ ಬಿ ಬಿಟ್‌ಗೆ, ದೊಡ್ಡ ಬಿ ಬೈಟ್‌ಗೆ ಎಂಬ ಗುರುತಾದರೂ ಇದೆ. ನಮ್ಮ ಲಿಪಿಯಲ್ಲಿ ಎರಡೂ ಎಂಬಿ ಆಗಿಬಿಡುತ್ತವೆ. ಆದ್ದರಿಂದ ಈ ಲೇಖನದಲ್ಲಿ ಪೂರ್ತಿ ಹೆಸರುಗಳನ್ನೇ ಬಳಸಿದ್ದೇನೆ.

ಗೂಗಲ್‌ನ ಪರಿವರ್ತಕದಿಂದ ತೊಡಗುತ್ತೇನೆ, ಏಕೆಂದರೆ ಬಹುಜನರು ತಲುಪುವುದು ಅಲ್ಲಿಗೇ. ಹುಡುಕಾಟದ ಪಟ್ಟಿಯಲ್ಲಿ 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಎಷ್ಟು ಮೆಗಾಬೈಟ್ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಎರಡು ಪೆಟ್ಟಿಗೆಗಳ ಪರಿವರ್ತಕ ತೆರೆಯುತ್ತದೆ, ಎಡಕ್ಕೆ 100, ಬಲಕ್ಕೆ 12.5, ಕೆಳಗೆ ಎಂಟರಿಂದ ಭಾಗಿಸಿ ಎಂಬ ಸೂತ್ರ. ದತ್ತಾಂಶ ಸಂಗ್ರಹಣೆಗೂ ದತ್ತಾಂಶ ವರ್ಗಾವಣೆಯ ದರಕ್ಕೂ ಇಲ್ಲಿ ಬೇರೆ ಬೇರೆ ವಿಭಾಗಗಳಿವೆ ಎಂಬುದು ಇದರ ದೊಡ್ಡ ಗುಣ. ದರದ ವಿಭಾಗದ ಪ್ರತಿ ಏಕಮಾನದ ಹೆಸರಿನಲ್ಲೂ ಸೆಕೆಂಡು ಬಿಡದೆ ಕಾಣಿಸಿಕೊಳ್ಳುತ್ತದೆ. ಅಕ್ಷರ ಸಣ್ಣದಾಗಿ ಬರೆದರೂ, ದೊಡ್ಡದಾಗಿ ಬರೆದರೂ ನಮ್ಮ ಮನಸ್ಸಿನಲ್ಲಿರುವುದನ್ನು ಸಾಮಾನ್ಯವಾಗಿ ಸರಿಯಾಗಿಯೇ ಊಹಿಸುತ್ತದೆ. ಸೂತ್ರವನ್ನು ತೋರಿಸುವುದರಿಂದ ಮುಂದಿನ ಸಲ ಪರಿವರ್ತಕವಿಲ್ಲದೆಯೂ ಲೆಕ್ಕ ಮಾಡಬಹುದು. ಕಲಿಯುವವರಿಗೆ ಇದು ಸಣ್ಣ ಉಪಕಾರವೇನಲ್ಲ.

ಸರಕಾರದ ದಾಖಲೆಗಳನ್ನು ಓದುವಾಗ ಈ ಪೆಟ್ಟಿಗೆ ತುಂಬ ಹೊಂದುತ್ತದೆ. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಿದ್ದ ಕನಿಷ್ಠ ವೇಗ 256 ಕಿಲೋಬಿಟ್. ಆಮೇಲೆ ಅದನ್ನು 512 ಕಿಲೋಬಿಟ್‌ಗೆ ಏರಿಸಿದರು. 2023ರ ಜನವರಿಯಲ್ಲಿ 2 ಮೆಗಾಬಿಟ್ ಎಂದು ನಿಗದಿಪಡಿಸಿದರು. ಬೈಟ್‌ಗಳಲ್ಲಿ ನೋಡಿದರೆ ಇವು ಸೆಕೆಂಡಿಗೆ 32 ಕಿಲೋಬೈಟ್, 64 ಕಿಲೋಬೈಟ್ ಮತ್ತು 250 ಕಿಲೋಬೈಟ್ ಆಗುತ್ತವೆ. ಫೋನಿನ ದಿನದ ಡೇಟಾ ಮುಗಿದ ಮೇಲೆ ಅನೇಕ ಪ್ಲಾನುಗಳು ಕೊಡುವ 64 ಕಿಲೋಬಿಟ್ ಅನ್ನು ಇದೇ ಪೆಟ್ಟಿಗೆಗೆ ಹಾಕಿದರೆ 8 ಕಿಲೋಬೈಟ್ ಬರುತ್ತದೆ, ಎಂದರೆ 2 ಮೆಗಾಬೈಟ್‌ನ ಒಂದು ಫೋಟೋಗೆ ನಾಲ್ಕು ನಿಮಿಷಕ್ಕೂ ಹೆಚ್ಚು ಕಾಯಬೇಕು. ಮೇಲೆ ಹೇಳಿದ ದೂರವಾಣಿಯ ಒಂದು ಧ್ವನಿಮಾರ್ಗಕ್ಕೆ ಬೇಕಾದದ್ದೂ ಇಷ್ಟೇ ಬಿಟ್. ಡೇಟಾ ಖಾಲಿಯಾದವರ ಕೈಗೆ ಉಳಿಯುವುದು ಅಜ್ಜನ ಕಾಲದ ಒಂದು ಫೋನ್ ಲೈನಿನಷ್ಟು ಜಾಗ.

ಗೂಗಲ್‌ನ ಕೊರತೆ ಕಾಣುವುದು ಪಟ್ಟಿಯನ್ನು ಕೆಳಗಿಳಿಸಿ ಓದಿದಾಗ. ಬಿಟ್, ಕಿಲೋಬಿಟ್, ಕಿಲೋಬೈಟ್, ಕಿಬಿಬಿಟ್, ಮೆಗಾಬಿಟ್, ಮೆಗಾಬೈಟ್, ಮೆಬಿಬಿಟ್ ಎಂದು ಟೆರಾದವರೆಗೆ ಹೋಗುವ ಆ ಪಟ್ಟಿಯಲ್ಲಿ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್‌ಗಳು ಇಲ್ಲ. ಸೆಕೆಂಡಿಗೆ ಇಷ್ಟು ಮೆಬಿಬಿಟ್ ಎಂದು ದರ ಹೇಳುವ ಸಾಧನವನ್ನು ನಾನು ಕಂಡದ್ದು ತೀರ ಕಡಿಮೆ. ಮೆಬಿಬೈಟ್‌ನಲ್ಲಿ ಹೇಳುವವು ಧಾರಾಳವಾಗಿವೆ, ಕಡತ ಇಳಿಸಿಕೊಳ್ಳುವ ಕ್ಯೂಬಿಟ್‌ಟೊರೆಂಟ್ ಒಂದೇ ಸಾಕು ಉದಾಹರಣೆಗೆ. ಬೇಡದ್ದನ್ನು ಇಟ್ಟು ಬೇಕಾದ್ದನ್ನು ಬಿಟ್ಟ ಪಟ್ಟಿ ಇದು. ಇನ್ನೊಂದು ಕೊರತೆ ಜಾಲದ ಕೆಲಸದವರಿಗಷ್ಟೇ ಹೊಳೆಯುವಂಥದು: ಇಂಟರ್ನೆಟ್ ಬಿದ್ದಿರುವ ಹೊತ್ತಿನಲ್ಲೇ ಲೆಕ್ಕ ಹೆಚ್ಚು ಬೇಕಾಗುತ್ತದೆ, ಮತ್ತು ಈ ಪರಿವರ್ತಕ ಇರುವುದು ಇಂಟರ್ನೆಟ್‌ನಲ್ಲಿ.

ಗೂಗಲ್‌ನ ಪೆಟ್ಟಿಗೆಯ ಕೆಳಗೆ ಸಾಲುಗಟ್ಟುವ ಪರಿವರ್ತಕ ಜಾಲತಾಣಗಳ ಬಗ್ಗೆ ಹೆಚ್ಚು ಹೇಳಲಾರೆ. ಜಾಹೀರಾತಿನ ನಡುವೆ ಉತ್ತರ ಹುಡುಕಬೇಕು, ಮತ್ತು ಕೆಲವು ಮೆಗಾ ಎಂದು ಬರೆದು ಒಳಗೆ 1024ರ ಲೆಕ್ಕ ನಡೆಸುತ್ತವೆ. ಒಂದು ಗಿಗಾಬಿಟ್ ಅನ್ನು ಮೆಗಾಬಿಟ್‌ಗೆ ಬದಲಿಸಿ ನೋಡಿ, 1024 ಬಂದರೆ ಆ ತಾಣವನ್ನು ಮುಚ್ಚಿಬಿಡುವುದು ಲೇಸು.

ವಿಂಡೋಸ್ ಕ್ಯಾಲ್ಕುಲೇಟರಿನ ಡೇಟಾ ವಿಭಾಗ ಇದಕ್ಕೆ ತದ್ವಿರುದ್ಧ. ಏಕಮಾನಗಳ ಪಟ್ಟಿ ಇಲ್ಲಿ ಭರ್ತಿಯಾಗಿದೆ: ಬಿಟ್, ಬೈಟ್‌ಗಳಿಂದ ಹಿಡಿದು ಯೊಟ್ಟಾ, ಯೊಬಿಗಳವರೆಗೆ, ಹತ್ತರ ಘಾತ ಮತ್ತು ಎರಡರ ಘಾತ, ಬಿಟ್ ಮತ್ತು ಬೈಟ್, ನಾಲ್ಕೂ ಬಗೆ ಪ್ರತಿ ಮೆಟ್ಟಿಲಿನಲ್ಲೂ ಇದೆ. ಕಿಲೋಬೈಟ್ ಎಂದರೆ 1000 ಬೈಟ್, ಕಿಬಿಬೈಟ್ ಎಂದರೆ 1024 ಬೈಟ್ ಎಂಬ ಶಿಸ್ತನ್ನು ಅದು ಎಲ್ಲಿಯೂ ತಪ್ಪುವುದಿಲ್ಲ. 2019ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಈ ಕ್ಯಾಲ್ಕುಲೇಟರಿನ ಮೂಲಸಂಕೇತವನ್ನು ಬಹಿರಂಗಪಡಿಸಿದ್ದರಿಂದ ಯಾವ ಏಕಮಾನಕ್ಕೆ ಯಾವ ಗುಣಕ ಹಾಕಿದ್ದಾರೆ ಎಂಬುದನ್ನು ಬೇಕಾದವರು ತೆರೆದು ನೋಡಬಹುದು. ಉತ್ತರದ ಕೆಳಗೆ, ಇದು ಇಷ್ಟು ಫ್ಲಾಪಿ ಡಿಸ್ಕಿಗೆ ಸಮ, ಇಷ್ಟು ಸಿಡಿಗೆ ಸಮ ಎಂದು ತೋರಿಸುವ ಒಂದು ವಿನೋದವೂ ಇದೆ. ಫ್ಲಾಪಿಯನ್ನು ಕಣ್ಣಿನಿಂದಲೂ ಕಾಣದ ತಲೆಮಾರಿಗೆ ಈ ಹೋಲಿಕೆ ಏನು ಹೇಳುತ್ತದೋ ತಿಳಿಯದು, ನನಗಂತೂ ಖುಷಿಯಾಗುತ್ತದೆ.

ಆದರೆ ಈ ಕ್ಯಾಲ್ಕುಲೇಟರಿಗೆ ಸೆಕೆಂಡೇ ಗೊತ್ತಿಲ್ಲ. ವರ್ಗಾವಣೆಯ ದರ ಎಂಬ ವಿಭಾಗ ಅದರಲ್ಲಿ ಇಲ್ಲ. ಇರುವುದು ಪ್ರಮಾಣದ ವಿಭಾಗ ಮಾತ್ರ. ಎರಡೂ ಕಡೆ ಸೆಕೆಂಡೇ ಇದ್ದಾಗ ತೊಂದರೆಯಿಲ್ಲ, ಮೆಗಾಬಿಟ್ಟನ್ನು ಮೆಗಾಬೈಟ್ ಮಾಡಿಕೊಂಡು ಸೆಕೆಂಡಿಗೆ ಎಂದು ನಾವೇ ಓದಿಕೊಳ್ಳಬಹುದು. ಒಂದು ಕಡೆ ಸೆಕೆಂಡು, ಇನ್ನೊಂದು ಕಡೆ ಗಂಟೆ ಅಥವಾ ದಿನ ಬಂದ ಕೂಡಲೇ ಅದು ಕೈಚೆಲ್ಲುತ್ತದೆ. ಇನ್ನೂ ದೊಡ್ಡ ವಿಪರ್ಯಾಸವೆಂದರೆ, ಕ್ಯಾಲ್ಕುಲೇಟರ್ ಪಾಲಿಸುವ ಶಿಸ್ತನ್ನು ಅದೇ ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್ ಪಾಲಿಸುವುದಿಲ್ಲ. ಎಕ್ಸ್‌ಪ್ಲೋರರ್ ಎಂಬಿ ಎಂದು ಬರೆಯುತ್ತದೆ, ಎಣಿಸುವುದು ಮಾತ್ರ ಮೆಬಿಬೈಟ್‌ಗಳನ್ನು. 500 ಗಿಗಾಬೈಟ್‌ನ ಡಿಸ್ಕ್ ಕೊಂಡವರಿಗೆ 465 ಕಾಣಿಸುವುದು ಈ ಕಾರಣಕ್ಕೇ. ಕಡತ ನಕಲಾಗುವಾಗ ಎಕ್ಸ್‌ಪ್ಲೋರರ್ ಸೆಕೆಂಡಿಗೆ 11.3 ಎಂಬಿ ಎಂದು ತೋರಿಸಿದ್ದನ್ನು ಅದೇ ಕಂಪ್ಯೂಟರಿನ ಕ್ಯಾಲ್ಕುಲೇಟರಿನಲ್ಲಿ 11.3 ಮೆಗಾಬೈಟ್ ಎಂದು ಹಾಕಿದರೆ 90.4 ಮೆಗಾಬಿಟ್ ಬರುತ್ತದೆ. ಮೆಬಿಬೈಟ್ ಎಂದು ಹಾಕಿದರೆ 94.8 ಬರುತ್ತದೆ. ಎರಡನೆಯದೇ ಸರಿ. ಒಂದೇ ಮನೆಯೊಳಗೆ ಎರಡು ಸೇರು ಇಟ್ಟುಕೊಂಡಂತಿದೆ ಈ ವ್ಯವಹಾರ.

ಮೂರನ್ನೂ ಒಂದೇ ಒರೆಗಲ್ಲಿಗೆ ಹಚ್ಚಿ ನೋಡಲು ನಾನು ಆರಿಸಿಕೊಂಡದ್ದು ಐಪರ್ಫ್ ಎಂಬ ಪರೀಕ್ಷಾ ತಂತ್ರಾಂಶದ ಫಲಿತಾಂಶವನ್ನು. ಲೀಸ್ಡ್ ಲೈನ್ ಹಾಕಿಸಿಕೊಂಡವರು ವೇಗ ಪರೀಕ್ಷಿಸಲು ಇದನ್ನೇ ಹೆಚ್ಚಾಗಿ ಓಡಿಸುತ್ತಾರೆ. ಒಂದು ಗಿಗಾಬಿಟ್‌ನ ಈಥರ್ನೆಟ್ ಕೊಂಡಿಯ ಮೇಲೆ ಲಿನಕ್ಸ್ ಯಂತ್ರಗಳ ನಡುವೆ ಇದನ್ನು ಓಡಿಸಿದರೆ ಪ್ರತಿ ಸೆಕೆಂಡಿಗೆ ಒಂದು ಸಾಲು ಮೂಡುತ್ತದೆ. ಆ ಸಾಲಿನಲ್ಲಿ ಸಾಗಿದ ಪ್ರಮಾಣ 112 ಮೆಗಾಬೈಟ್ ಎಂದೂ, ದರ 941 ಮೆಗಾಬಿಟ್ ಎಂದೂ ಇರುತ್ತದೆ. ಜಾಲದ ಕೆಲಸದವರಿಗೆ ಈ ಜೋಡಿ ಸಂಖ್ಯೆಗಳು ಮನೆಯ ಬಾಗಿಲ ನಂಬರಿನಷ್ಟು ಪರಿಚಿತ. ಆದರೆ 112 ಅನ್ನು ಎಂಟರಿಂದ ಗುಣಿಸಿದರೆ 896 ಬರುತ್ತದೆ, 941 ಬರುವುದಿಲ್ಲ. 45 ಮೆಗಾಬಿಟ್ ಎಲ್ಲಿ ಹೋಯಿತು?

ಎಲ್ಲಿಯೂ ಹೋಗಿಲ್ಲ. ಐಪರ್ಫ್ ಬೈಟ್‌ಗಳನ್ನು 1024ರ ಲೆಕ್ಕದಲ್ಲಿ, ಬಿಟ್‌ಗಳನ್ನು 1000ದ ಲೆಕ್ಕದಲ್ಲಿ ಬರೆಯುತ್ತದೆ, ಒಂದೇ ಸಾಲಿನಲ್ಲಿ, ಪಕ್ಕಪಕ್ಕದಲ್ಲಿ. ಅದು ಮೆಗಾಬೈಟ್ ಎಂದು ಕರೆದದ್ದು ವಾಸ್ತವದಲ್ಲಿ ಮೆಬಿಬೈಟ್. ಆದ್ದರಿಂದ ಗುಣಕ 8 ಆಗದೆ 8.388608 ಆಗುತ್ತದೆ, 112 ಅನ್ನು ಅದರಿಂದ ಗುಣಿಸಿದರೆ 939.5 ಬರುತ್ತದೆ, ಉಳಿದ ಒಂದೂವರೆ ಮೆಗಾಬಿಟ್ 112 ಎಂದು ದುಂಡಗೆ ಮಾಡಿದ್ದರಲ್ಲಿ ಹೋಗಿದೆ. ಇದು ತಿಳಿಯದೆ ಬೈಟ್‌ಗಳ ಅಂಕಣವನ್ನಷ್ಟೇ ಎಂಟರಿಂದ ಗುಣಿಸಿ, ಸಂಪರ್ಕ ಕೊಟ್ಟವರಿಗೆ ವೇಗ ಶೇಕಡಾ ಐದರಷ್ಟು ಕಡಿಮೆಯಿದೆ ಎಂದು ಪತ್ರ ಬರೆಯಲು ಹೊರಡುವವರಿದ್ದಾರೆ.

ಈ ಪರೀಕ್ಷೆಯಲ್ಲಿ ಗೂಗಲ್ ಸೋತು ಗೆದ್ದಿತು ಎನ್ನಬೇಕು: ಅದರಲ್ಲಿ ಸೆಕೆಂಡಿಗೆ ಮೆಬಿಬೈಟ್ ಇಲ್ಲದ್ದರಿಂದ 112 ಅನ್ನು ನಾವೇ ಎಂಟರಿಂದ ಗುಣಿಸಿ, 896 ಮೆಬಿಬಿಟ್ ಎಂದು ಕೊಟ್ಟರೆ 939.524 ಮೆಗಾಬಿಟ್ ಎಂದು ಹೇಳುತ್ತದೆ. ಪರಿವರ್ತಕದ ಕೆಲಸದಲ್ಲಿ ಅರ್ಧವನ್ನು ನಾವು ಮಾಡಿಕೊಟ್ಟಂತಾಯಿತು. ವಿಂಡೋಸ್ ಕ್ಯಾಲ್ಕುಲೇಟರ್ ನೇರವಾಗಿ 112 ಮೆಬಿಬೈಟ್ ತೆಗೆದುಕೊಂಡು ಅದೇ ಉತ್ತರ ಕೊಟ್ಟಿತು. ಗ್ನೂ ಯೂನಿಟ್ಸ್‌ಗೂ ಇದು ಒಂದು ಸಾಲಿನ ಕೆಲಸ.

ಗ್ನೂ ಯೂನಿಟ್ಸ್ ಬಗ್ಗೆ ಇನ್ನು ಬಿಡಿಸಿ ಹೇಳಬೇಕು. ಏಡ್ರಿಯನ್ ಮಾರಿಯಾನೋ ಅವರು ಬರೆದ ಈ ಸ್ವತಂತ್ರ ತಂತ್ರಾಂಶಕ್ಕೆ ಕಿಟಕಿ, ಗುಂಡಿ, ಪಟ್ಟಿಗಳ ಗೊಡವೆಯಿಲ್ಲ. ಟರ್ಮಿನಲ್‌ನಲ್ಲಿ ಅದರ ಹೆಸರು ಬರೆದರೆ ನಿಮ್ಮಲ್ಲಿ ಏನಿದೆ ಎಂದು ಒಂದು ಪ್ರಶ್ನೆ, ನಿಮಗೆ ಏನು ಬೇಕು ಎಂದು ಇನ್ನೊಂದು ಪ್ರಶ್ನೆ, ಎರಡನ್ನೂ ಇಂಗ್ಲಿಷಿನಲ್ಲಿ ಕೇಳುತ್ತದೆ. ಮೊದಲನೆಯದಕ್ಕೆ ಸೆಕೆಂಡಿಗೆ 100 ಮೆಗಾಬಿಟ್ ಎಂದೂ, ಎರಡನೆಯದಕ್ಕೆ ಸೆಕೆಂಡಿಗೆ ಮೆಗಾಬೈಟ್ ಎಂದೂ ಉತ್ತರಿಸಿದರೆ, ನಕ್ಷತ್ರ ಚಿಹ್ನೆಯ ಮುಂದೆ 12.5 ಮತ್ತು ಓರೆಗೆರೆಯ ಮುಂದೆ 0.08 ಎಂದು ಎರಡು ಸಾಲು ಮೂಡುತ್ತವೆ. ಮೊದಲನೆಯದರಿಂದ ಗುಣಿಸಬಹುದು, ಇಲ್ಲವೇ ಎರಡನೆಯದರಿಂದ ಭಾಗಿಸಬಹುದು ಎಂದು ಅರ್ಥ. ಮೊದಲ ಸಲ ನೋಡಿದವರಿಗೆ ಇದು ಒರಟಾಗಿ ಕಾಣುತ್ತದೆ, ಒರಟೇ ಹೌದು.

ಅದರ ಬೆಲೆ ತಿಳಿಯುವುದು ನಾವು ತಪ್ಪು ಕೇಳಿದಾಗ. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ ಎಷ್ಟು ಮೆಗಾಬೈಟ್ ಎಂದು, ಸೆಕೆಂಡನ್ನು ಬಿಟ್ಟು ಕೇಳಿ ನೋಡಿ. ಇವೆರಡೂ ಒಂದಕ್ಕೊಂದು ಹೊಂದುವ ರಾಶಿಗಳಲ್ಲ ಎಂದು ಹೇಳಿ ಉತ್ತರ ಕೊಡಲು ನಿರಾಕರಿಸುತ್ತದೆ. ನೂರು ಎಂಬಿ ಪ್ಲಾನ್ ಎಂದು ನಾವು ದಿನವೂ ಆಡುವ ಮಾತನ್ನು ಯಂತ್ರವೊಂದು ಒಪ್ಪದಿರುವುದು ಮೊದಲಿಗೆ ಕಿರಿಕಿರಿಯೆನಿಸಿದರೂ, ದರಪಟ್ಟಿಗಳನ್ನು ಹೋಲಿಸುವ ಕೆಲಸಕ್ಕೆ ಇಂತಹ ಹಠಮಾರಿಯೇ ಬೇಕು. ಅಕ್ಷರದ ಗಾತ್ರದಲ್ಲೂ ಅದು ರಿಯಾಯಿತಿ ತೋರಿಸುವುದಿಲ್ಲ: ಇಂಗ್ಲಿಷಿನ ಸಣ್ಣ ಎಂ ಅದಕ್ಕೆ ಮಿಲಿ, ದೊಡ್ಡ ಎಂ ಮೆಗಾ. ರಸ್ತೆಬದಿಯ ಫಲಕಗಳಲ್ಲಿ ಬ್ರಾಡ್‌ಬ್ಯಾಂಡ್‌ನವರು ಸಣ್ಣ ಅಕ್ಷರಗಳಲ್ಲಿ ಬರೆಸಿರುವ 100 ಎಂಬಿಪಿಎಸ್ ಅನ್ನು ಇದ್ದಂತೆಯೇ ಓದಿದರೆ ಅದು ಸೆಕೆಂಡಿಗೆ 100 ಮಿಲಿಬಿಟ್ ಆಗುತ್ತದೆ, ಎಂದರೆ ಹತ್ತು ಸೆಕೆಂಡಿಗೆ ಒಂದು ಬಿಟ್. ಆ ಮಟ್ಟಿಗೆ ಎಲ್ಲ ಕಂಪನಿಗಳೂ ಕೊಟ್ಟ ಮಾತಿಗಿಂತ ಬಹಳ ಹೆಚ್ಚನ್ನೇ ಕೊಡುತ್ತಿವೆ. ಈ ತೊಂದರೆ ಬೇಡವೆನ್ನುವವರು ಏಕಮಾನದ ಪೂರ್ತಿ ಹೆಸರನ್ನು ಬರೆಯುವುದು ಕ್ಷೇಮ.

ಸಮಯವನ್ನು ಲೆಕ್ಕದೊಳಗೆ ತರುವುದರಲ್ಲಿ ಉಳಿದೆರಡು ಇದರ ಹತ್ತಿರಕ್ಕೂ ಬರುವುದಿಲ್ಲ. ಅನಿಯಮಿತ ಎಂದು ಮಾರುವ ಮನೆಯ ಫೈಬರ್ ಪ್ಲಾನುಗಳಲ್ಲಿ ತಿಂಗಳಿಗೆ 3300 ಗಿಗಾಬೈಟ್ ಎಂಬ ಮಿತಿಯನ್ನು ಸಣ್ಣ ಅಕ್ಷರಗಳಲ್ಲಿ ಬರೆದಿರುವುದನ್ನು ಅನೇಕರು ಕಂಡಿರಬಹುದು. ಅದನ್ನು ಸೆಕೆಂಡಿಗೆ 100 ಮೆಗಾಬಿಟ್‌ನಿಂದ ಭಾಗಿಸಿ, ಉತ್ತರವನ್ನು ಗಂಟೆ ನಿಮಿಷಗಳಲ್ಲಿ ಕೊಡು ಎಂದರೆ ಗ್ನೂ ಯೂನಿಟ್ಸ್ 73 ಗಂಟೆ 20 ನಿಮಿಷ ಎಂದು ಹೇಳುತ್ತದೆ. ಕೊಂಡ ವೇಗವನ್ನು ಪೂರ್ತಿಯಾಗಿ, ಬಿಡದೆ ಬಳಸಿದರೆ ತಿಂಗಳ ಪಾಲು ಮೂರು ದಿನಕ್ಕೆ ಮುಗಿಯುತ್ತದೆ. ತಿರುಗಿಸಿ ಕೇಳಬಹುದು: 30 ದಿನಕ್ಕೆ 3300 ಗಿಗಾಬೈಟ್ ಎಂದರೆ ಸೆಕೆಂಡಿಗೆ ಸರಾಸರಿ ಎಷ್ಟು? 10.19 ಮೆಗಾಬಿಟ್. ನೂರರ ಪ್ಲಾನ್ ತಿಂಗಳ ಸರಾಸರಿಯಲ್ಲಿ ಹತ್ತರ ಪ್ಲಾನ್. ಮುನ್ನೂರರ ಪ್ಲಾನಿಗೂ ಮಿತಿ ಅದೇ 3300 ಆಗಿದ್ದರೆ ಸರಾಸರಿಯೂ ಅದೇ ಹತ್ತು. ಹೆಚ್ಚು ಹಣ ಕೊಟ್ಟು ಕೊಂಡದ್ದು ಬೇಗ ಮುಗಿಸುವ ಸೌಲಭ್ಯವನ್ನು. ಸಾಮಾನ್ಯ ಮನೆಗೆ ಇಷ್ಟು ಬೇಕಾದಷ್ಟಾಯಿತು, ಅದರಲ್ಲಿ ಸಂದೇಹವಿಲ್ಲ. ಆದರೆ ನಾಲ್ಕಾರು ಕ್ಯಾಮೆರಾಗಳ ದೃಶ್ಯವನ್ನು ಹಗಲಿರುಳು ಹೊರಗಿನ ಸರ್ವರಿಗೆ ಕಳುಹಿಸುವ ಅಂಗಡಿಯವರು ಪ್ಲಾನ್ ಆರಿಸುವಾಗ ಈ ಎರಡನೆಯ ಸಂಖ್ಯೆಯನ್ನು ನೋಡುವುದು ಒಳ್ಳೆಯದು. ಫೋನಿನ ದಿನಕ್ಕೆ 1.5 ಗಿಗಾಬೈಟ್ ಕೂಡ ಹೀಗೆಯೇ ಸೆಕೆಂಡಿಗೆ 139 ಕಿಲೋಬಿಟ್ ಆಗುತ್ತದೆ. ಡೇಟಾ ಮುಗಿದ ಮೇಲಿನ 64 ಕಿಲೋಬಿಟ್ ಅನ್ನು ಇಡೀ ದಿನ ಓಡಿಸಿದರೆ 691 ಮೆಗಾಬೈಟ್ ಬರುತ್ತದೆ ಎಂಬುದೂ ಇದೇ ಲೆಕ್ಕದ ಇನ್ನೊಂದು ಮುಖ, ಅಷ್ಟು ತಾಳ್ಮೆ ಯಾರಿಗಿದೆಯೋ ಕಾಣೆ.

ಇಲ್ಲೊಂದು ಎಚ್ಚರಿಕೆ. ತಿಂಗಳು ಎಂಬ ಏಕಮಾನವನ್ನು ಈ ತಂತ್ರಾಂಶ ವರ್ಷದ ಹನ್ನೆರಡನೆಯ ಒಂದು ಭಾಗ ಎಂದು ಹಿಡಿಯುತ್ತದೆ, ಎಂದರೆ 30 ದಿನಕ್ಕಿಂತ ಸ್ವಲ್ಪ ಹೆಚ್ಚು. ಆಗ ಮೇಲಿನ ಸರಾಸರಿ 10.04ಕ್ಕೆ ಇಳಿಯುತ್ತದೆ. ಬಿಲ್ಲಿನ ಅವಧಿ ಎಷ್ಟು ದಿನದ್ದೋ ಅಷ್ಟು ದಿನ ಎಂದೇ ಬರೆಯಬೇಕು. ಗೂಗಲ್‌ನ ಹುಡುಕಾಟದ ಪಟ್ಟಿಯಲ್ಲಿ ಇಡೀ ಭಾಗಾಕಾರವನ್ನು ಬರೆದು ಕೇಳುವ ದಾರಿಯೂ ಉಂಟು, ಆದರೆ ಅದು ಅವರ ಕ್ಯಾಲ್ಕುಲೇಟರಿನ ಕೆಲಸ. ಪರಿವರ್ತಕದ ಪೆಟ್ಟಿಗೆಗೆ ಸಮಯವನ್ನು ಕೊಡಲು ಜಾಗವೇ ಇಲ್ಲ.

ಕಚೇರಿಯಲ್ಲಿ ಗ್ನೂ ಯೂನಿಟ್ಸ್ ನನಗೆ ಹೆಚ್ಚು ಒದಗಿರುವುದು ಸ್ವಿಚ್ಚಿನ ಎಣಿಕೆಯನ್ನು ದರವಾಗಿ ಮಾಡುವಾಗ. ಒಂದು ಪೋರ್ಟಿನ ಎಣಿಕೆ ಐದು ನಿಮಿಷದಲ್ಲಿ 300 ಕೋಟಿ ಆಕ್ಟೆಟ್ ಏರಿದೆ ಎಂದುಕೊಳ್ಳಿ. 300 ಕೋಟಿ ಬೈಟ್ ಭಾಗಿಸು ಐದು ನಿಮಿಷ ಎಂದು ಬರೆದು ಸೆಕೆಂಡಿಗೆ ಮೆಗಾಬಿಟ್ ಕೇಳಿದರೆ 80 ಎಂದು ಉತ್ತರ ಬರುತ್ತದೆ, ನಡುವೆ ಎಂಟು, ಮುನ್ನೂರು, ಹತ್ತು ಲಕ್ಷ ಎಂದು ಕಾಗದದ ಮೇಲೆ ಗುಣಿಸಿ ಭಾಗಿಸುವ ಗೋಜಿಲ್ಲ. ಹಳೆಯ 32 ಬಿಟ್‌ನ ಎಣಿಕೆ 429 ಕೋಟಿಯನ್ನು ದಾಟಿದ ಕೂಡಲೇ ಮತ್ತೆ ಸೊನ್ನೆಗೆ ಮರಳುತ್ತದೆ. ಒಂದು ಗಿಗಾಬಿಟ್‌ನ ಪೋರ್ಟು ತುಂಬಿ ಹರಿಯುತ್ತಿದ್ದರೆ ಇದಕ್ಕೆ ಎಷ್ಟು ಹೊತ್ತು ಎಂದು ಕೇಳಿದರೆ 34 ಸೆಕೆಂಡು ಎನ್ನುತ್ತದೆ. ಐದು ನಿಮಿಷಕ್ಕೊಮ್ಮೆ ಓದುವ ಗ್ರಾಫ್ ಅಂತಹ ಪೋರ್ಟಿನಲ್ಲಿ ಏನನ್ನು ತೋರಿಸೀತು ಎಂದು ಹೇಳಬೇಕಿಲ್ಲ. 64 ಬಿಟ್‌ನ ಎಣಿಕೆ ಏಕೆ ಬೇಕಾಯಿತೆಂದು ಹೊಸಬರಿಗೆ ವಿವರಿಸಲು ಈ ಒಂದು ಸಾಲು ಸಾಕಾಗುತ್ತದೆ.

ನಮ್ಮದೇ ಏಕಮಾನಗಳನ್ನು ಸೇರಿಸಿಕೊಳ್ಳಲು ಇದು ಬಿಡುತ್ತದೆ. ಅದರ ವ್ಯಾಖ್ಯೆಗಳೆಲ್ಲ ಸಾದಾ ಪಠ್ಯದ ಒಂದು ಕಡತದಲ್ಲಿವೆ, ಟಿಪ್ಪಣಿಗಳ ಸಮೇತ. ಬಳಕೆದಾರರು ತಮ್ಮದೊಂದು ಕಡತವನ್ನು ಇಟ್ಟುಕೊಳ್ಳಬಹುದು. ನಾನು ಅದರಲ್ಲಿ ಇ-1 ಅನ್ನು ಸೆಕೆಂಡಿಗೆ 2.048 ಮೆಗಾಬಿಟ್ ಎಂದೂ, ಎಸ್‌ಟಿಎಂ-1 ಅನ್ನು 155.52 ಮೆಗಾಬಿಟ್ ಎಂದೂ ಬರೆದುಕೊಂಡಿದ್ದೇನೆ. ಏಕಮಾನದ ಹಿಂದೆ ಅಂಟಿಕೊಂಡ ಅಂಕಿಯನ್ನು ಈ ತಂತ್ರಾಂಶ ಘಾತವೆಂದು ಓದುವುದರಿಂದ ಹೆಸರನ್ನು ಅಂಕಿಯಲ್ಲಿ ಮುಗಿಸದೆ ಅಕ್ಷರಗಳಲ್ಲೇ ಬರೆಯಬೇಕಾಯಿತು. ಬಾಡಿಗೆಯ ಹಳೆಯ ಕಾಗದಗಳನ್ನು ಹೊಸ ಮೆಗಾಬಿಟ್ ದರಗಳೊಂದಿಗೆ ಹೋಲಿಸುವಾಗ ಇದರಿಂದ ಬಹಳ ಶ್ರಮ ಉಳಿಯುತ್ತದೆ.

ಆದರೆ ಇಲ್ಲಿಯೇ ಎಲ್ಲ ಪರಿವರ್ತಕಗಳ ಎಲ್ಲೆಯೂ ಗೋಚರಿಸುತ್ತದೆ. ಒಂದು ಎಸ್‌ಟಿಎಂ-1ರಲ್ಲಿ ಎಷ್ಟು ಇ-1 ಎಂದು ಕೇಳಿದರೆ ಯಂತ್ರ 75.9 ಎನ್ನುತ್ತದೆ, ಜಾಲದಲ್ಲಿ ಹಿಡಿಸುವುದು 63 ಮಾತ್ರ, ಏಕೆಂದರೆ ಚೌಕಟ್ಟಿನ ಶಿರೋಭಾಗಗಳು, ಸೂಚಕಗಳು, ಹೊಂದಿಸಿಕೊಳ್ಳಲು ಬಿಟ್ಟ ಜಾಗ ಇವೆಲ್ಲ ಅದೇ 155.52ರೊಳಗೆ ಸೇರಿವೆ. ಏಕಮಾನದ ಪರಿವರ್ತನೆ ಸರಿಯಾಗಿಯೇ ಇದೆ, ಪ್ರಶ್ನೆ ಏಕಮಾನದ್ದಾಗಿರಲಿಲ್ಲ. ಮನೆಯ ಸಂಪರ್ಕದಲ್ಲೂ ಹೀಗೆಯೇ. ಬೀದಿಯ ಕಂಬದವರೆಗೆ ಬರುವ, ಒಂದನ್ನೇ ಹಲವು ಮನೆಗಳಿಗೆ ಹಂಚುವ ಜಿಪಾನ್ ಎಂಬ ಬಗೆಯ ಫೈಬರಿನ ಕೆಳಮುಖ ದರ 2.488 ಗಿಗಾಬಿಟ್, ಅದನ್ನು 64 ಮನೆಗಳಿಗೆ ಹಂಚಿದ್ದರೆ, ಎಲ್ಲರೂ ಒಟ್ಟಿಗೆ ಎಳೆದಾಗ ತಲೆಗೆ 38.9 ಮೆಗಾಬಿಟ್‌ಗಿಂತ ಹೆಚ್ಚು ಬರಲಾರದು, ಪ್ಲಾನ್ ಯಾವುದೇ ಇರಲಿ. ಎಲ್ಲರೂ ಒಟ್ಟಿಗೆ ಎಳೆಯುವುದಿಲ್ಲ ಎಂಬ ಭರವಸೆಯ ಮೇಲೆ ಈ ವ್ಯಾಪಾರ ನಡೆಯುತ್ತಿದೆ.

ಪರಿಚಯದವರಿಂದ ನಾನು ಹೆಚ್ಚಾಗಿ ಕೇಳಿಸಿಕೊಳ್ಳುವ ಪ್ರಶ್ನೆಯೂ ಇದೇ ಜಾತಿಯದು. "ಸರ್, ನೂರು ಎಂಬಿ ಪ್ಲಾನ್ ಹಾಕ್ಸಿದೀನಿ, ಫೈಲ್ ಕಾಪಿ ಮಾಡಿದ್ರೆ ಹನ್ನೊಂದೇ ತೋರಿಸ್ತದೆ, ಕೇಬಲ್‌ನವರು ಮೋಸ ಮಾಡ್ತಾ ಇದಾರಾ?" ಮೋಸವಿಲ್ಲ, ಲೆಕ್ಕವಿದೆ. 100 ಮೆಗಾಬಿಟ್‌ನ ಈಥರ್ನೆಟ್ ಪೋರ್ಟಿನಲ್ಲಿ ದತ್ತಾಂಶದ ಒಂದೊಂದು ಪೊಟ್ಟಣವೂ ತಂತಿಯ ಮೇಲೆ 1538 ಬೈಟ್‌ಗಳ ಜಾಗ ಹಿಡಿಯುತ್ತದೆ: 1500 ಬೈಟ್‌ಗಳ ಸರಕು, 14 ಬೈಟ್‌ಗಳ ಶಿರೋಭಾಗ, ತಪ್ಪು ಪತ್ತೆಗೆ 4, ಆರಂಭದ ಸಂಕೇತಕ್ಕೆ 8, ಮುಂದಿನ ಪೊಟ್ಟಣಕ್ಕೆ ಮುನ್ನ ಬಿಡುವ 12 ಬೈಟ್‌ಗಳಷ್ಟು ಅಂತರ. ಸರಕಿನ 1500ರಲ್ಲೂ 40 ಬೈಟ್ ಟಿಸಿಪಿ ಮತ್ತು ಐಪಿ ಎಂಬ ಇಂಟರ್ನೆಟ್ ನಿಯಮಗಳ ವಿಳಾಸಪತ್ರಕ್ಕೆ ಹೋಗುತ್ತದೆ. ಕಡತಕ್ಕೆ ಸಿಗುವುದು 1460. ಹೀಗೆ 100ರಲ್ಲಿ 94.9 ಉಳಿಯುತ್ತದೆ, ಎಂಟರಿಂದ ಭಾಗಿಸಿದರೆ 11.87 ಮೆಗಾಬೈಟ್, ವಿಂಡೋಸ್ ಅದನ್ನು ಮೆಬಿಬೈಟ್‌ನಲ್ಲಿ ಎಣಿಸಿ 11.3 ಎಂದು ಬರೆಯುತ್ತದೆ. ಈ ಮೂರು ಮೆಟ್ಟಿಲುಗಳಲ್ಲಿ ಕೊನೆಯ ಎರಡನ್ನು ಪರಿವರ್ತಕ ಇಳಿಸಬಲ್ಲದು, ಮೊದಲನೆಯದನ್ನು ಇಳಿಸಲು ಜಾಲದ ಜ್ಞಾನವೇ ಬೇಕು. ಇದರಿಂದ ಒಂದು ಪ್ರಯೋಜನವೂ ಇದೆ: 300 ಮೆಗಾಬಿಟ್‌ನ ಪ್ಲಾನ್ ಇದ್ದೂ ವೇಗದ ಪರೀಕ್ಷೆ 94ರ ಆಸುಪಾಸಿನಲ್ಲಿ ಅಂಟಿಕೊಂಡಿದ್ದರೆ, ಕಂಪನಿಗೆ ಫೋನ್ ಮಾಡುವ ಮೊದಲು ರೌಟರಿನ ಪೋರ್ಟು 100 ಮೆಗಾಬಿಟ್‌ನದೇ ಎಂದೂ, ಕೇಬಲ್ಲಿನ ನಾಲ್ಕು ಜೊತೆ ತಂತಿಗಳಲ್ಲಿ ಎರಡನ್ನೇ ಕಟ್ಟಿದ್ದಾರೆಯೇ ಎಂದೂ ನೋಡಬೇಕು. ಗಿಗಾಬಿಟ್ ಈಥರ್ನೆಟ್‌ಗೆ ನಾಲ್ಕೂ ಜೊತೆ ಬೇಕು, ನೂರಕ್ಕೆ ಎರಡೇ ಸಾಕು.

ಬಿಲ್ಲು, ಜಾಹೀರಾತು, ಸರಕಾರಿ ಪ್ರಕಟಣೆಗಳನ್ನು ಓದಿ ಅರ್ಥ ಮಾಡಿಕೊಳ್ಳಬೇಕಾದ ಗ್ರಾಹಕರಿಗೆ ಗೂಗಲ್‌ನ ಪೆಟ್ಟಿಗೆ ಸಾಕು. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ, ಮೆಬಿಬೈಟ್ ಸೇರಿಸಿದ ದಿನ ನಾಲ್ಕು. ವಿಂಡೋಸ್ ಕ್ಯಾಲ್ಕುಲೇಟರಿಗೆ ಮೂರು: ಏಕಮಾನಗಳ ಶುದ್ಧಿಗೆ ಪೂರ್ತಿ ಅಂಕ, ಸೆಕೆಂಡನ್ನು ಮರೆತದ್ದಕ್ಕೆ ಕಡಿತ, ಇಂಟರ್ನೆಟ್ ಇಲ್ಲದಾಗಲೂ ನಡೆಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಈ ಮೂರು. ಗ್ನೂ ಯೂನಿಟ್ಸ್‌ಗೆ ನಾಲ್ಕೂವರೆ. ಉಳಿದ ಅರ್ಧ ಅಂಕವನ್ನು ತಡೆಹಿಡಿದದ್ದು ಅದರ ಮುಖ ನೋಡಿ ಹೆದರುವ ಸಹೋದ್ಯೋಗಿಗಳ ಪರವಾಗಿ. ಉಬುಂಟು, ಡೆಬಿಯನ್‌ಗಳಲ್ಲಿ ಅದು ಯೂನಿಟ್ಸ್ ಎಂಬ ಹೆಸರಿನಲ್ಲೇ ಸಿಗುತ್ತದೆ. ಮ್ಯಾಕ್‌ನಲ್ಲಿ ಅದೇ ಹೆಸರಿನ ಬೇರೆ ತಂತ್ರಾಂಶ ಮೊದಲೇ ಇರುವುದರಿಂದ ಗ್ನೂನವರದನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕಾಗುತ್ತದೆ.